ಉಳುಮೆಯಿಲ್ಲದೆ ಮರಗೆಣಸು: ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿ ಮತ್ತು ಮಲೆನಾಡಿನ ಇಳಿಜಾರು ಗುಡ್ಡಗಳಲ್ಲಿ ಮಳೆಯನ್ನೇ ನಂಬಿ ಮರಗೆಣಸು ಬೆಳೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಬಯಲುಸೀಮೆಯ ನೀರಾವರಿ ಹೊಲಗಳಿಗೂ ಇಲ್ಲಿನ ಹಲವು ಮಾತು ಹೊಂದುತ್ತವೆ. ಆದರೆ ಅಲ್ಲಿ ತಿಂಗಳುಗಳ ಲೆಕ್ಕ ಬೇರೆ.

ಪ್ರಶ್ನೆ: ಗೆಣಸು ಕೀಳುವಾಗ ಹೇಗೂ ನೆಲ ಅಗೆಯಲೇಬೇಕು. ಮತ್ತೆ ಉಳುಮೆಯಿಲ್ಲದ ಬೇಸಾಯ ಅನ್ನುವುದಕ್ಕೆ ಏನರ್ಥ?

ಹೆಚ್ಚಿನವರು ಮೊದಲು ಕೇಳುವುದು ಇದನ್ನೇ, ಕೇಳಬೇಕಾದ ಪ್ರಶ್ನೆಯೂ ಹೌದು. ಜೋಳ, ಸೋಯಾ ಬೆಳೆಯುವವರ ಹಾಗೆ ವರ್ಷಗಟ್ಟಲೆ ನೆಲ ಮುಟ್ಟದೆ ಇರುವುದು ಗೆಡ್ಡೆ ಬೆಳೆಯಲ್ಲಿ ಆಗದ ಮಾತು. ಆದರೆ ನೆಲವನ್ನು ಯಾವಾಗ ಕೆದಕುತ್ತೇವೆ, ಎಷ್ಟು ಜಾಗದಲ್ಲಿ ಕೆದಕುತ್ತೇವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮೇ ತಿಂಗಳಲ್ಲಿ ಇಡೀ ಗುಡ್ಡ ಅಗೆದು ಮಣ್ಣು ಸಡಿಲ ಮಾಡಿಟ್ಟರೆ ಅದರ ಬೆನ್ನಿಗೇ ಜೂನ್ ಮಳೆ ಸುರಿಯುತ್ತದೆ, ಸಡಿಲಾದ ಮಣ್ಣು ನೇರ ತೋಡಿಗೆ ಹೋಗುತ್ತದೆ. ಕೀಳುವ ಹೊತ್ತಿಗಾದರೆ ಜೋರು ಮಳೆ ಕಳೆದಿರುತ್ತದೆ. ಆಗ ಅಲುಗುವುದು ಬುಡದ ಸುತ್ತಲಿನ ಮಣ್ಣು ಮಾತ್ರ. ಅದನ್ನು ಅವತ್ತೇ ಸರಿಮಾಡಿ ಸೊಪ್ಪು ಮುಚ್ಚಿದರೆ ಮುಂದಿನ ಮಳೆಗಾಲಕ್ಕೆ ನೆಲ ಕೂತು, ಮುಚ್ಚಿಕೊಂಡು ತಯಾರಾಗಿರುತ್ತದೆ.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಮರಗೆಣಸಿನಲ್ಲಿ ಉಳುಮೆ ಬಿಡುವುದಕ್ಕಿಂತ ನೆಲ ಮುಚ್ಚಿಡುವುದು ದೊಡ್ಡ ಕೆಲಸ. ಹೊದಿಕೆ ಹಾಕದೆ ಬರೀ ಉಳುಮೆ ಬಿಟ್ಟರೆ ಗಟ್ಟಿ ನೆಲ, ಎದೆಮಟ್ಟ ಕಳೆ, ಬೆರಳು ಗಾತ್ರದ ಗೆಡ್ಡೆ ಅಷ್ಟೇ ಸಿಗುವುದು. ಅಷ್ಟಕ್ಕೇ ನಿಲ್ಲಿಸುವುದಾದರೆ ಉತ್ತು ಬೆಳೆಯುವುದೇ ಮೇಲು.

ಪ್ರಶ್ನೆ: ಮರಗೆಣಸು ಹಾಕಿದ ಗುಡ್ಡ ಬರಡಾಗುತ್ತದೆ ಅಂತ ಹಿರಿಯರು ಹೇಳುತ್ತಿದ್ದರು. ನಿಜವೇ?

ಅವರು ಕಣ್ಣಾರೆ ಕಂಡದ್ದನ್ನೇ ಹೇಳಿದ್ದಾರೆ. ಗಿಡದಿಂದ ಗಿಡಕ್ಕೆ ಮೂರಡಿ ಅಂತರ ಬೇಕು. ನೆಟ್ಟ ಕಾಂಡದ ತುಂಡು ಚಿಗುರಿ, ಎಲೆ ಹರಡಿ ಸಾಲುಗಳ ನಡುವೆ ನೆರಳು ಬೀಳಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ. ನಮ್ಮಲ್ಲಿ ಆ ಮೂರು ತಿಂಗಳು ಅಂದರೆ ಜೂನ್, ಜುಲೈ, ಆಗಸ್ಟ್. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3500 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಈ ಅವಧಿಯಲ್ಲೇ. ಅಗೆದ ಇಳಿಜಾರು, ಬರಿ ಮಣ್ಣು, ಮೇಲೆ ಆ ಮಳೆ. ಒಂದೆರಡು ವರ್ಷದಲ್ಲಿ ಮೇಲ್ಮಣ್ಣು ಹೋಗಿ ಮುರಕಲ್ಲಿನ (ಜಂಬಿಟ್ಟಿಗೆಯ) ಹರಳು ಕಾಣಿಸಿಕೊಳ್ಳುವುದು ಇದಕ್ಕೇ.

ಎರಡನೆಯ ಕಾರಣ, ಗೆಡ್ಡೆಯ ಜೊತೆ ಪೊಟ್ಯಾಷ್ ಬಹಳಷ್ಟು ಹೊರಗೆ ಹೋಗುತ್ತದೆ. ಗೊಬ್ಬರ ಹಾಕದೆಯೂ ಒಂದಿಷ್ಟು ಫಸಲು ಕೊಡುವ ಬೆಳೆಯಾದ್ದರಿಂದ, ಕೊಡದೆ ತೆಗೆಯುವ ಅಭ್ಯಾಸ ನಮಗೆ ಬಂದುಬಿಟ್ಟಿದೆ. ಗುಡ್ಡವನ್ನು ಬರಡು ಮಾಡಿದ್ದು ಗಿಡವಲ್ಲ, ಗಿಡ ಬೆಳೆಸಿದ ಕ್ರಮ. ಇದೇ ಬೆಳೆ ತಿರುವಾಂಕೂರಿನ ಜನರ ಜೀವ ಉಳಿಸಿದೆ. 1880ರ ದಶಕದಲ್ಲಿ ಅಲ್ಲಿನ ವಿಶಾಖಂ ತಿರುನಾಳ್ ಮಹಾರಾಜರು ಇದನ್ನು ಬೆಳೆಯಲು ಜನರಿಗೆ ಉತ್ತೇಜನ ಕೊಟ್ಟರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತಾಗ ಎಷ್ಟೋ ಮನೆಗಳ ಒಲೆಯ ಮೇಲೆ ಬೆಂದದ್ದು ಮರಗೆಣಸೇ. ಕೇರಳದಿಂದ ನಮ್ಮ ಘಟ್ಟದ ಬುಡಕ್ಕೆ ಬಂದು ನೆಲೆಸಿದವರು ಕಾಡುಗುಡ್ಡದಲ್ಲಿ ಮೊದಲು ನೆಟ್ಟದ್ದೂ ಅದನ್ನೇ.

ಪ್ರಶ್ನೆ: ಉಳದಿದ್ದರೆ ಗೆಡ್ಡೆ ದಪ್ಪವಾಗುತ್ತದೆಯೇ?

ಮಣ್ಣು ನೋಡಿ ಹೇಳಬೇಕು. ಮರಳು ಮಿಶ್ರಿತ, ಸಡಿಲ ಕೆಂಪು ಮಣ್ಣಿನಲ್ಲಿ ಉತ್ತದ್ದಕ್ಕೂ ಉಳದಿದ್ದಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ದನ ಓಡಾಡಿ ಅಥವಾ ಜೆಸಿಬಿ ಹರಿದು ಒತ್ತಿಹೋದ ನೆಲದಲ್ಲಿ ವ್ಯತ್ಯಾಸ ಖಂಡಿತ ಇದೆ. ಗೆಡ್ಡೆಗಳು ಹೆಚ್ಚಾಗಿ ಮೇಲಿನ ಒಂದೂಕಾಲು ಅಡಿ ಮಣ್ಣಿನಲ್ಲೇ ಬೆಳೆಯುವುದರಿಂದ ಅಷ್ಟು ಆಳ ಮೆದುವಾಗಿದ್ದರೆ ಸಾಕು.

ಪರೀಕ್ಷೆ ಮಾಡುವುದು ಸುಲಭ. ಚೆನ್ನಾಗಿ ಮಳೆ ಬಿದ್ದ ಮಾರನೆಯ ದಿನ ಹೆಬ್ಬೆರಳಿಗಿಂತ ಸಪೂರದ ಕಬ್ಬಿಣದ ಸರಳೊಂದನ್ನು ಹಿಡಿದು ಹೋಗಿ. ನಿಂತ ನಿಲುವಿನಲ್ಲಿ ಎರಡೂ ಕೈಯಿಂದ ಒತ್ತಿ, ಸುತ್ತಿಗೆ ಬೇಡ. ಒಂದಡಿ ಸಲೀಸಾಗಿ ಇಳಿದರೆ ಆ ಜಾಗ ತಯಾರಿದೆ. ಒಂದು ಗೇಣಿಗೇ ನಿಂತು, ನಾಲ್ಕಾರು ಕಡೆ ಒತ್ತಿದರೂ ಅಷ್ಟರಲ್ಲೇ ನಿಂತರೆ ಅಲ್ಲಿ ಗಟ್ಟಿ ಪದರ ಇದೆ. ಅಂಥ ಕಡೆ ಇಡೀ ಜಾಗ ಉಳುವ ಬದಲು ಗಿಡ ಬರುವಲ್ಲಿ ಮಾತ್ರ ಒಂದಡಿ ಅಗಲ, ಒಂದಡಿ ಆಳದ ಗುಣಿ ತೆಗೆದು, ಆ ಮಣ್ಣಿಗೆ ಹಟ್ಟಿಗೊಬ್ಬರ ಬೆರೆಸಿ ತುಂಬಿ. ಸಾಲಿನ ನಡುವಿನ ನೆಲ ಹಾಗೇ ಇರಲಿ.

ಉಳುಮೆ ಬಿಟ್ಟದ್ದರ ಲಾಭ ಮರಗೆಣಸಿಗೆ ಬೇರೆ ಬೆಳೆಗಳಿಗಿಂತ ಹೆಚ್ಚು ಸಿಗಲು ಇನ್ನೂ ಒಂದು ಕಾರಣ ಇದೆ. ಇದರ ಬೇರು ವಿರಳ, ಬೇರಿನ ರೋಮವೂ ಕಡಿಮೆ. ಮಣ್ಣಿನ ರಂಜಕ ಪಡೆಯಲು ಅದು ಮೈಕೋರೈಜಾ ಎಂಬ ಶಿಲೀಂಧ್ರವನ್ನು ತುಂಬಾ ಅವಲಂಬಿಸಿದೆ. ಕೂದಲಿಗಿಂತ ತೆಳುವಾದ ಆ ಶಿಲೀಂಧ್ರದ ಎಳೆಗಳು ಮಣ್ಣಿನಲ್ಲಿ ಬಲೆ ಹರಡಿಕೊಂಡು ಬೇರಿಗೆ ಆಹಾರ ತಂದುಕೊಡುತ್ತವೆ. ಪ್ರತಿವರ್ಷ ಉತ್ತರೆ ಆ ಬಲೆ ಹರಿಯುತ್ತದೆ, ಗಿಡ ಮತ್ತೆ ಮೊದಲಿನಿಂದ ಶುರುಮಾಡಬೇಕು.

ಪ್ರಶ್ನೆ: ಯಾವ ಜಾಗಕ್ಕೆ ಈ ಪದ್ಧತಿ ಬೇಡ?

ನೀರು ನಿಲ್ಲುವ ಕಡೆ ಬೇಡ. ಗದ್ದೆಯಲ್ಲಿ, ತಗ್ಗಿನಲ್ಲಿ ಸಮತಟ್ಟಾಗಿ ನೆಟ್ಟರೆ ಗೆಡ್ಡೆ ಕೊಳೆಯುತ್ತದೆ, ಅಲ್ಲಿ ದಿಬ್ಬ ಮಾಡಲೇಬೇಕು. ಒಮ್ಮೆ ಮಾಡಿದ ದಿಬ್ಬವನ್ನು ಒಡೆಯದೆ ಮುಂದಿನ ಬೆಳೆಗೂ ಉಳಿಸಿಕೊಳ್ಳಬಹುದು. ಜೇಕು ಕಳೆ ತುಂಬಿದ ಜಾಗವೂ ಬೇಡ. ಅದು ಹೊದಿಕೆಯನ್ನೇ ತೂತು ಮಾಡಿಕೊಂಡು ಮೇಲೆ ಬರುತ್ತದೆ.

ಪ್ರಶ್ನೆ: ಮೊದಲ ಸಲ ಮಾಡುವವರು ಎಲ್ಲಿಂದ ಶುರುಮಾಡಬೇಕು?

ಹಿಂದಿನ ಸೆಪ್ಟೆಂಬರಿನಿಂದ. ನಾಟಿಯ ವಾರ ಹೊದಿಕೆ ಹುಡುಕಲು ಹೊರಟರೆ ಸಿಗುವುದಿಲ್ಲ. ಮಳೆ ಇಳಿಯುವ ಹೊತ್ತಿಗೆ ಆ ಜಾಗದಲ್ಲಿ ಅಲಸಂದೆ, ಹುರುಳಿ ಅಥವಾ ಸೆಣಬು ಚೆಲ್ಲಿ. ನೆಲದಲ್ಲಿ ಉಳಿದ ತೇವದಲ್ಲೇ ಬೆಳೆದು ಅದು ಅಲ್ಲೇ ಒಣಗಲಿ. ಬೇಲಿಗೆ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಗೂಟ ನೆಡಿ, ಮುಂದಿನ ವರ್ಷಗಳ ಸೊಪ್ಪು ಅದರಿಂದಲೇ ಬರುತ್ತದೆ. ಏಪ್ರಿಲ್ ಕೊನೆಯ ಅಡ್ಡಮಳೆಗೆ ಕಳೆ ಚಿಗುರುತ್ತದೆ. ಚಿಗುರಲು ಬಿಟ್ಟು, ಹೂ ಬಿಡುವ ಮೊದಲು ಕತ್ತಿಯಲ್ಲೋ ವೀಡ್ ಕಟರಿನಲ್ಲೋ ನೆಲಕ್ಕೆ ಹತ್ತಿರ ಸವರಿ ಅಲ್ಲೇ ಹರಡಿ. ಬೆಂಕಿ ಹಾಕಬೇಡಿ. ಗುಡ್ಡಕ್ಕೆ ಬೆಂಕಿ ಕೊಟ್ಟು ನೆಡುವ ರೂಢಿ ಇರುವ ಕಡೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ವರ್ಷವಿಡೀ ಕೂಡಿಟ್ಟ ಹೊದಿಕೆ ಅರ್ಧ ಗಂಟೆಯಲ್ಲಿ ಬೂದಿಯಾಗುತ್ತದೆ, ಮೊದಲ ಮಳೆ ಆ ಬೂದಿಯನ್ನೂ ತೊಳೆದುಕೊಂಡು ಹೋಗುತ್ತದೆ.

ಇರುವ ಜಾಗವನ್ನೆಲ್ಲ ಒಮ್ಮೆಗೇ ಬದಲಾಯಿಸಬೇಡಿ. ಹತ್ತು ಸೆಂಟ್ಸ್ ಮಾಡಿ ನೋಡಿ. ಪಕ್ಕದಲ್ಲೇ ಹಳೆಯ ಕ್ರಮದ್ದೂ ಇರಲಿ, ನಿಮ್ಮ ಮಣ್ಣಿನ ಉತ್ತರ ಅಲ್ಲಿ ಸಿಗುತ್ತದೆ.

ಪ್ರಶ್ನೆ: ತುಂಡು ಹೇಗಿರಬೇಕು, ಉಳದ ನೆಲದಲ್ಲಿ ಹೇಗೆ ನೆಡಬೇಕು?

ಎಂಟು ಹತ್ತು ತಿಂಗಳು ಬಲಿತ, ರೋಗವಿಲ್ಲದ ಗಿಡದ ಕಾಂಡ ಬೇಕು. ತುದಿಯ ಎಳೆ ಭಾಗವನ್ನೂ ಬುಡದ ತೀರಾ ಒರಟು ಭಾಗವನ್ನೂ ಬಿಡಿ. ನಡುವಿನದನ್ನು ಒಂದು ಗೇಣು, ಅಂದರೆ ಸುಮಾರು 20 ಸೆಂ.ಮೀ. ಉದ್ದಕ್ಕೆ ಕಡಿಯಿರಿ. ಹರಿತವಾದ ಕತ್ತಿಯಲ್ಲಿ ಒಂದೇ ಏಟಿಗೆ, ಸಿಪ್ಪೆ ಸೀಳದ ಹಾಗೆ. ಕಡಿದ ಬಾಯಿಯಲ್ಲಿ ಬಿಳಿ ಹಾಲು ಜಿನುಗಿದರೆ ಕಾಂಡ ಜೀವಂತವಾಗಿದೆ. ಜಿನುಗದಿದ್ದರೆ ಒಣಗಿದೆ, ಎಸೆಯಿರಿ.

ಹೊದಿಕೆಯನ್ನು ಒಂದು ಅಂಗೈ ಅಗಲಕ್ಕೆ ಸರಿಸಿ, ಹಾರೆಯಿಂದ ತೂತು ಮಾಡಿ, ಗಣ್ಣಿನ ಮೊಗ್ಗು ಮೇಲ್ಮುಖವಾಗಿರುವ ಹಾಗೆ ತುಂಡನ್ನು ನೆಟ್ಟಗೆ ಎರಡಂಗುಲ ಆಳಕ್ಕೆ ಊರಿ. ಸುತ್ತ ಮಣ್ಣು ಕಾಲಿನಿಂದ ಒತ್ತಿ, ತುಂಡು ಅಲುಗಬಾರದು. ಕವಲೊಡೆಯುವ ತಳಿಗೆ ಮೂರಡಿ ಅಂತರ, ಕವಲಿಲ್ಲದೆ ನೆಟ್ಟಗೆ ಹೋಗುವುದಕ್ಕೆ ಎರಡೂವರೆ ಅಡಿ. ಚಿಗುರಿದ ಮೇಲೆ ಎದುರುಬದುರಾಗಿ ಎರಡು ಚಿಗುರು ಉಳಿಸಿ ಉಳಿದವನ್ನು ಚಿವುಟಿ. ನಾಲ್ಕೈದು ತುಂಡು ಸತ್ತರೆ ಹೊಸದು ನೆಡಲು ಮೂಲೆಯಲ್ಲಿ ಒತ್ತಾಗಿ ಒಂದಿಷ್ಟು ತುಂಡು ಊರಿಟ್ಟುಕೊಳ್ಳಿ.

ಪ್ರಶ್ನೆ: ಯಾವ ತಳಿ ಒಳ್ಳೆಯದು?

ಈ ಪದ್ಧತಿಗೆ ನಾನು ಹೇಳುವುದು ಬೇಗ ಬರುವ ತಳಿ. ಕಾರಣ ನಮ್ಮ ಮಣ್ಣು. ಹತ್ತು ತಿಂಗಳ ತಳಿಯನ್ನು ಮೇಯಲ್ಲಿ ನೆಟ್ಟರೆ ಮಾರ್ಚಿಗೆ ಕೀಳಬೇಕು. ಆಗ ಮುರಕಲ್ಲು ಮಣ್ಣು ಕಲ್ಲಾಗಿರುತ್ತದೆ, ಪಿಕ್ಕಾಸು ಹಿಡಿದು ಇಡೀ ಸಾಲು ಅಗೆಯಬೇಕಾಗುತ್ತದೆ, ಅಲ್ಲಿಗೆ ಉಳುಮೆ ಬಿಟ್ಟದ್ದು ವ್ಯರ್ಥ. ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರಿಂದ ಕೆಲಸ ಮಾಡುತ್ತಿರುವ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ಶ್ರೀ ಜಯ, ಶ್ರೀ ವಿಜಯ ತಳಿಗಳು ಆರೇಳು ತಿಂಗಳಿಗೆ ಬರುತ್ತವೆ. ನವೆಂಬರ್, ಡಿಸೆಂಬರಿನಲ್ಲಿ, ಹೊದಿಕೆಯ ಕೆಳಗೆ ಇನ್ನೂ ತೇವ ಇರುವಾಗಲೇ ಕೈಯಲ್ಲಿ ಎಳೆದು ತೆಗೆಯಬಹುದು. ಬೇಯಿಸಿ ತಿನ್ನಲೂ ಚೆನ್ನ. ಬಾಯಿರುಚಿಗೆ ಎಂ-4 ಎಂಬ ಹತ್ತು ತಿಂಗಳ ತಳಿ ಬೇಕೇ ಬೇಕು ಅನ್ನುವವರು ಅದನ್ನು ಮೆದು ಮಣ್ಣಿನಲ್ಲಿ ಹಾಕಿಕೊಳ್ಳಲಿ. ಪೊಟ್ಯಾಷ್ ಕಡಿಮೆ ಇರುವ ಕಡೆಗೆ ಶ್ರೀ ಪವಿತ್ರ ಇದೆ. ಮೊಸಾಯಿಕ್ ಎಂಬ ಎಲೆರೋಗದ ಕಾಟ ಹೆಚ್ಚಿರುವಲ್ಲಿ ಶ್ರೀ ರಕ್ಷಾ ನೋಡಿ.

ಪ್ರಶ್ನೆ: ಹೊದಿಕೆಗೆ ಏನು ಹಾಕಬೇಕು, ಎಷ್ಟು ದಪ್ಪ?

ಮೇಲಿನಿಂದ ನೋಡಿದರೆ ಮಣ್ಣು ಕಾಣಬಾರದು, ಅದೇ ಅಳತೆ. ಹಾಕಿದಾಗ ನಾಲ್ಕು ಬೆರಳು ದಪ್ಪ ಇದ್ದದ್ದು ಜುಲೈ ಹೊತ್ತಿಗೆ ಕುಗ್ಗಿ ಒಂದು ಬೆರಳಾಗುತ್ತದೆ. ಆದ್ದರಿಂದ ಎರಡನೇ ಸಲ ಹಾಕುವುದು ಅನಿವಾರ್ಯ. ಉಳುಮೆ ಮಾಡುವವರು ಎರಡು ತಿಂಗಳಿಗೆ ಬುಡಕ್ಕೆ ಮಣ್ಣು ಏರಿಸುತ್ತಾರಲ್ಲ, ಅದೇ ಹೊತ್ತಿಗೆ ನಾವು ಸೊಪ್ಪು ಏರಿಸುವುದು.

ಒಣ ದರಗು (ತರಗೆಲೆ) ಒಂದನ್ನೇ ಹಾಕಿದರೆ ಅದನ್ನು ಕೊಳೆಸುವ ಜೀವಿಗಳು ಮಣ್ಣಿನ ಸಾರಜನಕವನ್ನು ಹೀರಿಕೊಂಡು ಗಿಡ ಹಳದಿಗೆ ತಿರುಗುತ್ತದೆ. ಕೆಳಗೆ ಗೊಬ್ಬರದ ಗಿಡದ ಹಸಿಸೊಪ್ಪು, ಮೇಲೆ ದರಗು ಹಾಕಿ. ಕಮ್ಯುನಿಸ್ಟ್ ಸೊಪ್ಪು (ಯುಪಟೋರಿಯಂ ಕಳೆ) ಹೂ ಬಿಡುವ ಮೊದಲಾದರೆ ಒಳ್ಳೆಯ ಹೊದಿಕೆ. ಅಕೇಶಿಯಾ ಎಲೆ ಬೇಗ ಕರಗುವುದಿಲ್ಲ, ಮಳೆಯ ಹೊಡೆತ ತಡೆಯಲು ಸಾಕು. ಮುಳಿಹುಲ್ಲು, ತೆಂಗಿನ ಸೋಗೆ, ಅಡಿಕೆ ಸಿಪ್ಪೆ ಎಲ್ಲ ಆಗುತ್ತದೆ. ಸೋಗೆಯನ್ನು ಇಳಿಜಾರಿಗೆ ಅಡ್ಡವಾಗಿ ಹಾಸಿ, ನೀರಿನ ಓಟಕ್ಕೆ ತಡೆಯಾಗುತ್ತದೆ. ಕಾಂಡದಿಂದ ಒಂದು ಗೇಣು ಬಿಟ್ಟು ಹಾಕಿ.

ಪ್ರಶ್ನೆ: ಕಳೆ ತಡೆಯುವುದು ಹೇಗೆ? ಕಳೆನಾಶಕ ಹೊಡೆಯದೆ ಆಗುತ್ತದೆಯೇ?

ಮೊದಲ ಮೂರು ತಿಂಗಳು ಗೆದ್ದರೆ ಆಮೇಲೆ ಗಿಡದ ನೆರಳೇ ನೋಡಿಕೊಳ್ಳುತ್ತದೆ. ಬ್ರೆಜಿಲಿನ ಪರಾನಾ ರಾಜ್ಯದ ರೋಲಾಂದಿಯಾದಲ್ಲಿ ಹರ್ಬರ್ಟ್ ಬಾರ್ಟ್ಸ್ ಎಂಬ ರೈತ 1972ರಲ್ಲಿ ಉಳುಮೆಯಿಲ್ಲದ ಬೇಸಾಯ ಆರಂಭಿಸಿದರು. ಮಣ್ಣು ಕೊಚ್ಚಿಹೋಗುವುದನ್ನು ನೋಡಿ ನೋಡಿ ಸಾಕಾಗಿ ಹಿಡಿದ ದಾರಿ ಅದು. ಅಲ್ಲಿಂದ ಈ ಕ್ರಮ ದಕ್ಷಿಣ ಅಮೆರಿಕದ ದೊಡ್ಡ ಜಮೀನುಗಳಿಗೆ ಹಬ್ಬಿತು, ಜೊತೆಗೆ ಕಳೆನಾಶಕವೂ ಹಬ್ಬಿತು. ಸಾವಿರಾರು ಎಕರೆಗೆ ಬೇಕಾದದ್ದು ನಮ್ಮ ಅರ್ಧ ಎಕರೆಗೆ ಬೇಕಿಲ್ಲ. ಗ್ಲೈಫೋಸೇಟ್ ಎಂಬ ಕಳೆನಾಶಕ ಮರಗೆಣಸಿನ ಎಲೆಗೆ ತಾಗಿದರೆ ಬೆಳೆಯೇ ಹೋಗುತ್ತದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಅದರ ಬಳಕೆಯನ್ನು ಕೀಟ ನಿಯಂತ್ರಣ ನಿರ್ವಾಹಕರಿಗೆ ಸೀಮಿತಗೊಳಿಸಿ ಅಧಿಸೂಚನೆಯನ್ನೂ ಹೊರಡಿಸಿತು. ಗುಡ್ಡದ ಮೇಲೆ ಹೊಡೆದದ್ದು ಇಳಿದು ಬರುವುದು ನಮ್ಮದೇ ಬಾವಿ, ಕುಡಿಯುವ ನೀರಿನ ಸುರಂಗಗಳಿಗೆ ಅನ್ನುವುದು ಮರೆಯಬಾರದು.

ಕೈಗೆ ಬರುವ ಕಳೆಯನ್ನು ಮಳೆಯ ತೇವದಲ್ಲಿ ಕಿತ್ತು, ಬೇರು ಮೇಲಾಗಿಸಿ ಹೊದಿಕೆಯ ಮೇಲೇ ಎಸೆಯಿರಿ. ನಾಚಿಕೆಮುಳ್ಳನ್ನು ಬುಡಕ್ಕೆ ಕತ್ತರಿಸಿ. ಕೆತ್ತುವ ಗೋಜಿಗೆ ಹೋಗಬೇಡಿ.

ಪ್ರಶ್ನೆ: ನಡುವೆ ಬೇರೆ ಬೆಳೆ ಹಾಕಬಹುದೇ?

ಹಾಕಲೇಬೇಕು. ಖಾಲಿ ಇರುವ ಆ ಮೂರಡಿಯಲ್ಲಿ ಪೊದೆ ಅಲಸಂದೆ ಹಾಕಿದರೆ ಮೂರು ತಿಂಗಳೊಳಗೆ ಕೊಯ್ಲಾಗಿ, ಬಳ್ಳಿ ಅಲ್ಲೇ ಹೊದಿಕೆಯಾಗುತ್ತದೆ. ನೆಲಗಡಲೆಯೂ ಒಗ್ಗುತ್ತದೆ, ಆದರೆ ಅದನ್ನು ಕೀಳಲು ಮತ್ತೆ ನೆಲ ಕೆದಕಬೇಕು. ಹಾಗಾಗಿ ಇಳಿಜಾರಿನಲ್ಲಿ ಅಲಸಂದೆಯೇ ಸರಿ. ರಬ್ಬರ್ ತೋಟದಲ್ಲಿ ಹಾಕುವ ಪ್ಯುರೇರಿಯಾ, ವೆಲ್ವೆಟ್ ಬೀನ್ಸ್ ಮಾತ್ರ ಬೆಳೆಯ ನಡುವೆ ಬೇಡ. ಹಬ್ಬಿ ಗಿಡವನ್ನೇ ಮುಚ್ಚಿಬಿಡುತ್ತವೆ.

ಪ್ರಶ್ನೆ: ಗೊಬ್ಬರ ಎಷ್ಟು?

ಸುಧಾರಿತ ತಳಿಗಳಿಗೆ ಶ್ರೀಕಾರ್ಯಂ ಸಂಸ್ಥೆಯ ಶಿಫಾರಸು ಹೆಕ್ಟೇರಿಗೆ ಹನ್ನೆರಡೂವರೆ ಟನ್ ಹಟ್ಟಿಗೊಬ್ಬರ, ಜೊತೆಗೆ ಸಾರಜನಕ, ರಂಜಕ, ಪೊಟ್ಯಾಷ್ ಕ್ರಮವಾಗಿ 100, 50, 100 ಕಿಲೋ. ಮಣ್ಣು ಪರೀಕ್ಷೆ ಮಾಡಿಸಿದರೆ ರಂಜಕವನ್ನು ಎಷ್ಟೋ ಸಲ ಕಡಿಮೆ ಮಾಡಬಹುದು. ಪೊಟ್ಯಾಷ್ ತಪ್ಪಿಸಬೇಡಿ. ಒಲೆಯ ಬೂದಿ ಇದ್ದರೆ ಅದೂ ಪೊಟ್ಯಾಷೇ. ಉಳದ ನೆಲದಲ್ಲಿ ಯೂರಿಯಾವನ್ನು ಹೊದಿಕೆಯ ಮೇಲೆ ಚೆಲ್ಲಿದರೆ ಗಾಳಿಗೂ ನೀರಿಗೂ ಹೋಗುತ್ತದೆ. ಬುಡದಿಂದ ಒಂದು ಗೇಣು ದೂರದಲ್ಲಿ ಕೋಲಿನಿಂದ ತೂತು ಮಾಡಿ, ಹಾಕಿ ಮುಚ್ಚಿ. ಅರ್ಧ ನಾಟಿಯ ಹೊತ್ತಿಗೆ, ಅರ್ಧ ಎರಡನೇ ಹೊದಿಕೆಯ ಹೊತ್ತಿಗೆ.

ಪ್ರಶ್ನೆ: ಇಳಿಜಾರು ಜಾಸ್ತಿ ಇದೆ. ಹೊದಿಕೆಯೇ ಕೊಚ್ಚಿಹೋದರೆ?

ಲಾವಂಚದ ಸಾಲು ಹಾಕಿ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಬದುವಿಗೆ ಲಾವಂಚ ನೆಟ್ಟು ಮಣ್ಣು ಹಿಡಿದಿಟ್ಟಿದ್ದಾರೆ, ಹೊರದೇಶದ ಮಣ್ಣು ತಜ್ಞರು ಅಲ್ಲಿ ಬಂದು ನೋಡಿ ಹೋಗಿದ್ದಾರೆ. ಥಾಯ್ಲೆಂಡಿನ ಮರಗೆಣಸು ಹೊಲಗಳಲ್ಲಿಯೂ ಇದೇ ಹುಲ್ಲು ಕೆಲಸ ಮಾಡುತ್ತಿದೆ. ಬುಡದ ಮಟ್ಟಿಯನ್ನು ಬಿಡಿಸಿ, ಅರ್ಧ ಅಡಿಗೊಂದರಂತೆ ಒತ್ತಾಗಿ ನೆಡಬೇಕು. ಸಂದು ಬಿಟ್ಟರೆ ನೀರು ಅಲ್ಲೇ ನುಗ್ಗುತ್ತದೆ.

ಸಾಲು ಸಮಪಾತಳಿಯಲ್ಲಿ ಇರಬೇಕು, ಕಣ್ಣಂದಾಜು ಸಾಲದು. ಆರಡಿಯ ಎರಡು ಗಳುಗಳನ್ನು ತುದಿಯಲ್ಲಿ ಸೇರಿಸಿ ಕಟ್ಟಿ, ಕಾಲುಗಳನ್ನು ಅಗಲಿಸಿ, ನಡುವೆ ಒಂದು ಅಡ್ಡಪಟ್ಟಿ ಬಿಗಿಯಿರಿ. ತುದಿಯಿಂದ ಹುರಿಯಲ್ಲಿ ಒಂದು ಕಲ್ಲು ತೂಗಬಿಡಿ. ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, ಹುರಿ ಪಟ್ಟಿಯನ್ನು ಮುಟ್ಟುವಲ್ಲಿ ಗೆರೆ ಹಾಕಿ. ಗುಡ್ಡದಲ್ಲಿ ಒಂದು ಕಾಲು ಊರಿ, ಹುರಿ ಆ ಗೆರೆಗೆ ಬರುವ ತನಕ ಇನ್ನೊಂದು ಕಾಲನ್ನು ಮೇಲೆ ಕೆಳಗೆ ಸರಿಸಿ. ಬಂದಲ್ಲಿ ಗೂಟ ಹೊಡೆದು ಮುಂದೆ ಹೋಗಿ. ಗೂಟಗಳ ಸಾಲೇ ಲಾವಂಚದ ಸಾಲು, ಗೆಣಸಿನ ಸಾಲೂ ಅದಕ್ಕೆ ಸಮಾನಾಂತರವಾಗಿ ಬರಲಿ.

ಪ್ರಶ್ನೆ: ರೋಗ, ಕೀಟ?

ಎರಡನ್ನು ಗುರುತಿಸಲು ಕಲಿತುಕೊಳ್ಳಿ. ಎಲೆ ಮುರುಟಿ, ಹಳದಿ ಹಸಿರು ತೇಪೆ ಕಂಡರೆ ಮೊಸಾಯಿಕ್. ಬಿಳಿನೊಣದಿಂದಲೂ ಹರಡುತ್ತದೆ, ಆದರೆ ಹೆಚ್ಚಾಗಿ ನಾವೇ ರೋಗದ ತುಂಡು ನೆಟ್ಟು ಹರಡುತ್ತೇವೆ. ಮಳೆಗಾಲದಲ್ಲೇ ಆರೋಗ್ಯವಾದ ಗಿಡಗಳಿಗೆ ಬಣ್ಣದ ದಾರ ಕಟ್ಟಿಡಿ, ತುಂಡು ಅವುಗಳಿಂದ ಮಾತ್ರ.

ಎರಡನೆಯದು ಹಿಟ್ಟುತಿಗಣೆ. ತುದಿಯ ಎಲೆಗಳು ಗುಚ್ಛವಾಗಿ ಮುದುಡಿ ಬಿಳಿ ಹಿಟ್ಟು ಮೆತ್ತಿದಂತೆ ಕಾಣುತ್ತದೆ. ದಕ್ಷಿಣ ಅಮೆರಿಕದ ಈ ಕೀಟ 2020ರಲ್ಲಿ ಕೇರಳದ ತ್ರಿಶೂರಿನಲ್ಲಿ ಕಾಣಿಸಿಕೊಂಡು ತಮಿಳುನಾಡಿನ ಸೇಲಂ, ನಾಮಕ್ಕಲ್ ಕಡೆ ದೊಡ್ಡ ನಷ್ಟ ಮಾಡಿತು. ಆಫ್ರಿಕದಲ್ಲಿ ಇದನ್ನು ಹತೋಟಿಗೆ ತಂದ ಪುಟ್ಟ ಪರಾವಲಂಬಿ ಕಣಜವನ್ನು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಬೆನಿನ್ ದೇಶದಿಂದ ತರಿಸಿ, ಸಾಕಿ, 2022ರಲ್ಲಿ ಸೇಲಂ ಭಾಗದಲ್ಲಿ ಬಿಡುಗಡೆ ಮಾಡಿತು. ಸಿಕ್ಕ ಸಿಕ್ಕ ಕೀಟನಾಶಕ ಹೊಡೆದರೆ ಆ ಕಣಜವೂ ಸಾಯುತ್ತದೆ. ಮುದುಡಿದ ತುದಿಯನ್ನು ಮುರಿದು ಸುಡುವುದು, ಆ ಊರುಗಳಿಂದ ತುಂಡು ತರದಿರುವುದು ನಮ್ಮ ಕೈಯಲ್ಲಿರುವ ಕೆಲಸ.

ಹೊದಿಕೆಯಿಂದ ಬರುವ ಕಾಟಗಳೂ ಇವೆ. ಮೇ ತಿಂಗಳಲ್ಲಿ ಮಳೆ ತಡವಾದರೆ ಗೆದ್ದಲು ತುಂಡನ್ನೇ ತಿನ್ನುತ್ತದೆ. ಅದಕ್ಕೇ ಬುಡದಿಂದ ದೂರ ಹಾಕಿ ಅಂದದ್ದು. ಹೆಗ್ಗಣಕ್ಕೆ ಹೊದಿಕೆ ಮನೆಯಿದ್ದ ಹಾಗೆ. ಅಕ್ಟೋಬರ್ ನಂತರ ಬುಡದ ಸುತ್ತ ತೆರವಾಗಿಡಿ. ಕಾಡುಹಂದಿ, ಮುಳ್ಳುಹಂದಿಗೆ ಬೇಲಿಯೇ ಮದ್ದು.

ಪ್ರಶ್ನೆ: ದನ, ಆಡುಗಳಿಗೆ ಅಪಾಯವೇ?

ಹಸಿ ಎಲೆ, ಸಿಪ್ಪೆಗಳಲ್ಲಿ ಸಯನೈಡ್ ಬಿಡುವ ಅಂಶ ಇದೆ. ಹಸಿದ ಆಡು ಹೊಟ್ಟೆ ತುಂಬ ಮೇದರೆ ಸಾಯುತ್ತದೆ. ಕೊಯ್ದು ಹೊದಿಕೆಗೆ ಹರಡಿದ ಎಲೆ ಒಣಗುವ ತನಕ ಅತ್ತ ಬಿಡಬೇಡಿ. ಮನೆಯಲ್ಲಿ ಬೇಯಿಸುವಾಗ ಸಿಪ್ಪೆ ಪೂರ್ತಿ ತೆಗೆದು, ಮುಚ್ಚಳ ತೆರೆದಿಟ್ಟು, ಕುದಿದ ನೀರು ಬಸಿಯಿರಿ.

ಪ್ರಶ್ನೆ: ಇಳುವರಿ ಎಷ್ಟು ನಿರೀಕ್ಷಿಸಬಹುದು?

ಮೂರಡಿ ಅಂತರದಲ್ಲಿ ಎಕರೆಗೆ ಸುಮಾರು 5000 ಗಿಡ. ಗಿಡಕ್ಕೆ ಎರಡು ಕಿಲೋ ಬಂದರೂ ಹತ್ತು ಟನ್. ಮೊದಲ ವರ್ಷ ಉತ್ತ ಜಾಗಕ್ಕಿಂತ ಕಡಿಮೆ ಬರಬಹುದು, ಅದಕ್ಕೆ ತಯಾರಿರಿ. ಉತ್ತು ಅಗೆದು ಮಣ್ಣು ಏರಿಸುವ ಕೂಲಿ ಉಳಿಯುತ್ತದೆ, ಆದರೆ ಸೊಪ್ಪು ಹೊರುವ ಕೂಲಿ ಸೇರುತ್ತದೆ. ಸೊಪ್ಪು ಹತ್ತಿರದಲ್ಲೇ ಇಲ್ಲದಿದ್ದರೆ ಲೆಕ್ಕ ಕೂಡುವುದಿಲ್ಲ.

ಪ್ರಶ್ನೆ: ನೆಲ ಹೆಚ್ಚು ಕೆದಕದೆ ಕೀಳುವುದು ಹೇಗೆ?

ಎರಡು ವಾರ ಮೊದಲೇ ಒಂದಡಿ ಮೋಟು ಬಿಟ್ಟು ಮೇಲಿನ ಕಾಂಡ ಕಡಿಯಿರಿ. ಹೀಗೆ ಮಾಡಿದರೆ ಕಿತ್ತ ಗೆಡ್ಡೆ ಬೇಗ ನೀಲಿಗೆರೆ ಹಿಡಿದು ಕೆಡುವುದೂ ಕಡಿಮೆಯಾಗುತ್ತದೆ. ಇಲ್ಲವಾದರೆ ಎರಡು ಮೂರು ದಿನದ ಮೇಲೆ ಇಡುವಂತಿಲ್ಲ. ತೇವ ಇರುವ ದಿನ ಮೋಟಿಗೆ ಹಗ್ಗದ ಕುಣಿಕೆ ಹಾಕಿ, ಗಟ್ಟಿ ಗಳುವಿಗೆ ಕಟ್ಟಿ, ಹೆಗಲು ಕೊಟ್ಟು ನಿಧಾನ ಎತ್ತಿ. ಮಿಸುಕದಿದ್ದರೆ ಮಾತ್ರ ಹಾರೆಯಿಂದ ಪಕ್ಕ ಸಡಿಲಿಸಿ. ಗುಂಡಿಯನ್ನು ಅವತ್ತೇ ಮುಚ್ಚಿ, ಎಲೆ, ಎಳೆ ತುದಿಗಳನ್ನೆಲ್ಲ ಅದರ ಮೇಲೆ ಹರಡಿ.

ಪ್ರಶ್ನೆ: ಡಿಸೆಂಬರಿನಲ್ಲಿ ಕಿತ್ತರೆ ಮೇ ತಿಂಗಳ ನಾಟಿಗೆ ತುಂಡು ಎಲ್ಲಿಂದ?

ಕಡಿದ ಕಾಂಡ ನೆರಳಲ್ಲಿ ನೆಟ್ಟಗೆ ನಿಲ್ಲಿಸಿಟ್ಟರೆ ಕೆಲವು ವಾರ ಚೆನ್ನಾಗಿರುತ್ತದೆ, ಐದು ತಿಂಗಳು ತಾಳುವುದಿಲ್ಲ. ದಾರ ಕಟ್ಟಿದ ಗಿಡಗಳಲ್ಲಿ ಒಂದು ಸಾಲನ್ನು ಕೀಳದೆ ಏಪ್ರಿಲ್ ತನಕ ಹಾಗೇ ಬಿಡಿ. ಒಂದು ಗಿಡದಿಂದ ಹತ್ತು ತುಂಡಿನ ಲೆಕ್ಕ ಹಿಡಿದರೆ ಎಷ್ಟು ಗಿಡ ಉಳಿಸಬೇಕು ಅನ್ನುವುದು ಗೊತ್ತಾಗುತ್ತದೆ. ಉಳಿದ ಜಾಗದಲ್ಲಿ, ಮಣ್ಣಿನಲ್ಲಿ ಇನ್ನೂ ತೇವ ಇದ್ದರೆ ಹುರುಳಿ ಚೆಲ್ಲಿ. ಎರಡು ಸಲ ಗೆಣಸು ಬೆಳೆದ ಜಾಗಕ್ಕೆ ಮೂರನೆಯ ವರ್ಷ ಗೆಣಸು ಬೇಡ, ದ್ವಿದಳ ಧಾನ್ಯವೋ ತರಕಾರಿಯೋ ಬರಲಿ.